ನಮ್ಮ ವಠಾರಕ್ಕೆ ಬಂದ ರೇಷನ್ ಕಿಟ್‌ಗಳು: ತಗೊಂಡವರ ಕಡೆಯಿಂದ ಒಂದು ರಿವ್ಯೂ

ಮೊನ್ನೆ ಪರಿಚಯದವರೊಬ್ಬರು ಫೋನ್ ಮಾಡಿದ್ದರು. "ಲಾಕ್‌ಡೌನ್ ಟೈಮಲ್ಲಿ ನಿಮ್ಮ ಏರಿಯಾದಲ್ಲಿ ರೇಷನ್ ಹಂಚ್ತಿದ್ರಲ್ಲ ಆ ಹುಡುಗರು, ಅವರಿಗೆ ನಮ್ಮ ಆಫೀಸಿನವರು ಸ್ವಲ್ಪ ದುಡ್ಡು ಕೊಡೋಣ ಅಂತಿದ್ದಾರೆ, ಕೊಡಬಹುದಾ?" ಅಂತ ಕೇಳಿದರು. ಕೊಡಿ ಅಂದೆ. ಆದರೆ ಎರಡು ಮಾತಲ್ಲಿ ಮುಗಿಸೋ ವಿಷಯ ಅಲ್ಲ ಅನ್ನಿಸಿತು. ಕಿಟ್ ಕೊಟ್ಟವರು ಬರೆದದ್ದು ಬೇಕಾದಷ್ಟು ಓದಿದ್ದೇನೆ. ತಗೊಂಡವರು ಬರೆದದ್ದು ಕಣ್ಣಿಗೆ ಬಿದ್ದದ್ದು ಕಡಿಮೆ. ನಾವು ತಗೊಂಡವರು, ಅದಕ್ಕೇ ಬರೆಯುತ್ತಿದ್ದೇನೆ. ಗುಂಪಿನ ಹೆಸರು ಹಾಕುವುದಿಲ್ಲ. ಅವರೇ ಬೇಡ ಅಂದಿದ್ದಾರೆ.

ನಮ್ಮದು ಬೆಂಗಳೂರಿನ ಲಗ್ಗೆರೆ. ಒಂದು ವಠಾರ, ಆರು ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಪ್ಪ ಆಟೋ ಓಡಿಸುತ್ತಾರೆ, ಅಮ್ಮ ಪೀಣ್ಯ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಟಿವಿಯಲ್ಲಿ ಪ್ರಧಾನಿ ಬಂದು 21 ದಿನ ಎಲ್ಲ ಬಂದ್ ಅಂದಾಗ ಅಮ್ಮ ಹೂರಣಕ್ಕೆ ಬೇಳೆ ಬೇಯಿಸುತ್ತಿದ್ದರು, ಯಾಕೆಂದರೆ ಮಾರನೇ ದಿನ ಯುಗಾದಿ. ಹಬ್ಬ ಮಾಡಿದೆವು. ಆಮೇಲೆ ಹತ್ತು ದಿನ ಅಮ್ಮನ ಬಾಯಲ್ಲಿ ಒಂದೇ ಮಾತು, ಆ ಒಂದು ಕೆಜಿ ಬೇಳೆ ಉಳಿಸ್ಕೋಬೇಕಿತ್ತು ಅಂತ.

ಸರ್ಕಾರದ್ದು ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಮಗೆ ಬಿಪಿಎಲ್ ಕಾರ್ಡ್ ಇದೆ. ಕೇಂದ್ರದವರು ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಪುಕ್ಕಟೆ ಅಂದರು, ಅದು ಬಂತು. ಹೋಟೆಲ್ ಎಲ್ಲ ಮುಚ್ಚಿ ನಂದಿನಿ ಹಾಲು ಮಾರಾಟವಾಗದೆ ಉಳಿಯುತ್ತಿತ್ತು, ಅದನ್ನು ರಾಜ್ಯ ಸರ್ಕಾರ ಕೊಂಡು ಏಪ್ರಿಲ್‌ನಲ್ಲಿ ಬಡವರಿರುವ ಕಡೆ ಹಂಚಿತು. ಆ ಹಾಲು ನಮ್ಮ ವಠಾರದ ಮಕ್ಕಳ ಹೊಟ್ಟೆಗೆ ಹೋಗಿದೆ, ಮರೆಯುವುದಿಲ್ಲ. ಇಂದಿರಾ ಕ್ಯಾಂಟೀನ್ ಶುರುವಾದಾಗಿನಿಂದ, ಅಂದರೆ 2017ರಿಂದ, ಅಪ್ಪನ ಎಷ್ಟೋ ಮಧ್ಯಾಹ್ನದ ಊಟ ಅಲ್ಲೇ, ಹತ್ತು ರೂಪಾಯಿಗೆ. ಆದರೆ ಲಾಕ್‌ಡೌನ್‌ನಲ್ಲಿ ಒಂದು ಮನೆ ಮಂದಿಯೆಲ್ಲ ಮೂರು ಹೊತ್ತೂ ಅಷ್ಟು ದೂರ ನಡೆದು ಹೋಗಿ ಸಾಲಲ್ಲಿ ನಿಂತು ಬರೋದು ಆಗುವ ಮಾತಲ್ಲ, ಅದೂ ಮಂಡಿ ನೋವಿನ ಅಜ್ಜಿ ಇರುವ ಮನೆಯಲ್ಲಿ.

ಅಕ್ಕಿ ಇದ್ದರೆ ಸಾಲದು ಅಲ್ವಾ. ಎಣ್ಣೆ, ಉಪ್ಪು, ಬೇಳೆ, ಸೋಪು, ಗ್ಯಾಸು. ಅಲ್ಲೇ ಕಿಟ್ ಬೇಕಾಗಿದ್ದು.

ನಮ್ಮ ಬೀದಿಗೆ ಮೊದಲು ಬಂದವರು ಬೇರೆಯವರು. ಕಾರು, ಬ್ಯಾನರ್, ಕ್ಯಾಮೆರಾ. ಅಮ್ಮನ ಕೈಗೆ ಚೀಲ ಕೊಟ್ಟು ಐದಾರು ಜನ ಆ ಚೀಲಕ್ಕೇ ಕೈ ಹಚ್ಚಿ ನಿಂತರು. ಅಂತರ ಕಾಪಾಡಿ ಅಂತ ಅವರ ಬ್ಯಾನರಿನಲ್ಲೇ ಬರೆದಿತ್ತು. ಅಮ್ಮ ಸೆರಗು ಮುಖಕ್ಕೆ ಎಳೆದುಕೊಂಡರು. "ಸೆರಗು ತೆಗೀರಮ್ಮ, ಮುಖ ಬರ್ತಿಲ್ಲ" ಅಂದರು ಅವರಲ್ಲೊಬ್ಬರು. ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ ಮೇಲೆ ದುಡಿದ ಹೆಂಗಸು ಅವರು, ಯಾರ ಹತ್ತಿರವೂ ಕೈ ಚಾಚಿದವರಲ್ಲ. ಆ ಚೀಲದ ಅಕ್ಕಿಯಲ್ಲಿ ಹುಳ ಇತ್ತು. ಬಿಸಿಲಿಗೆ ಹರಡಿ, ಕೇರಿ, ತೊಳೆದು ಉಂಡೆವು. ಹುಳ ಇದ್ದದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ, ಗೋದಾಮಿನ ಅಕ್ಕಿ ಅಂದಮೇಲೆ ಆಗುತ್ತದೆ. ಸೆರಗು ತೆಗೀರಿ ಅಂದದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ನಾನು ಹೇಳಬೇಕಾದ ಗುಂಪು ಬಂದದ್ದು ಏಪ್ರಿಲ್ ಎರಡನೇ ವಾರ. ತಡ ಆಯಿತು, ಅದು ಅವರ ಮೊದಲ ಕೊರತೆ. ಅವರ ನಂಬರ್ ಯಾವಾಗ ಹಚ್ಚಿದರೂ ಎಂಗೇಜ್, ನಾನೇ ಎರಡು ದಿನ ಬಿಡದೆ ಪ್ರಯತ್ನ ಮಾಡಿ ಮೂರನೇ ದಿನ ಸಿಕ್ಕಿದ್ದು. ಆದರೆ ಸಿಕ್ಕ ಮೇಲೆ ಫೋನ್ ಎತ್ತಿದ ಹುಡುಗಿ ಕೇಳಿದ ಪ್ರಶ್ನೆಗಳು ನನಗೆ ಈಗಲೂ ನೆನಪಿವೆ. ಎಷ್ಟು ಜನ ಇದ್ದೀರಾ? ಚಿಕ್ಕ ಮಕ್ಕಳು, ವಯಸ್ಸಾದವರು? ದಿನಾ ಮಾತ್ರೆ ತಗೊಳ್ಳೋರು ಇದ್ದಾರಾ? ಗ್ಯಾಸ್ ಇದೆಯಾ, ಸೌದೆ ಒಲೆಯಾ? ಮನೆಯಲ್ಲಿ ಏನು ಉಣ್ಣುತ್ತೀರಾ?

ಅಷ್ಟು ದಿನದಲ್ಲಿ ಏನು ಉಣ್ಣುತ್ತೀರಾ ಅಂತ ಕೇಳಿದವರು ಅವರೊಬ್ಬರೇ.

ಕಿಟ್‌ನಲ್ಲಿ ಇದ್ದದ್ದು ಹೇಳುತ್ತೇನೆ. 10 ಕೆಜಿ ಸೋನಾ ಮಸೂರಿ, 2 ಕೆಜಿ ತೊಗರಿಬೇಳೆ, 1 ಕೆಜಿ ರವೆ, ಒಂದು ಲೀಟರ್ ಎಣ್ಣೆ, ಸಕ್ಕರೆ, ಟೀ ಪುಡಿ, ಉಪ್ಪು, ಹುಳಿ ಪುಡಿ, ಈರುಳ್ಳಿ, ಬಟ್ಟೆ ಸೋಪು, ಮೈ ಸೋಪು, ಪ್ಯಾಡ್. ಪ್ಯಾಡ್ ಬೇರೆ ಕವರಿನಲ್ಲಿ ಸುತ್ತಿತ್ತು, ಹಂಚಲು ಬಂದ ಹುಡುಗರ ಎದುರು ಮುಜುಗರ ಆಗದಿರಲಿ ಅಂತ. ಅಜ್ಜಿಯ ಬಿಪಿ ಮಾತ್ರೆಗೆ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಅಂದಿದ್ದರು, ಜನೌಷಧಿ ಅಂಗಡಿಯಿಂದ ಒಂದು ತಿಂಗಳಿನದು ತಂದುಕೊಟ್ಟರು. ಎಣ್ಣೆ ಪ್ಯಾಕೆಟ್ ಒಡೆದು ರವೆಯೆಲ್ಲ ನೆನೆದಿತ್ತು. ಪ್ಯಾಕಿಂಗ್ ಚೆನ್ನಾಗಿರಲಿಲ್ಲ, ಅದನ್ನು ಅವರಿಗೇ ಹೇಳಿದೆ. ಮುಂದಿನ ಸಲ ಎಣ್ಣೆಗೆ ಎರಡು ಕವರ್ ಹಾಕಿದ್ದರು.

ಈಗ ಪಕ್ಕದ ಖಾಲಿ ಸೈಟಿನ ಮಾತು. ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ನಾಲ್ಕು ಸಂಸಾರ, ಎಲ್ಲರೂ ಬಿಲ್ಡಿಂಗ್ ಕೆಲಸದವರು. ರೇಷನ್ ಕಾರ್ಡ್ ಊರಲ್ಲಿ ಅತ್ತೆ ಹತ್ತಿರ. ಮೇಸ್ತ್ರಿ ಫೋನ್ ಎತ್ತುತ್ತಿರಲಿಲ್ಲ. ಗುಂಪಿನವರು ಮೊದಲ ಸಲ ನಮಗೆ ಕೊಟ್ಟ ಕಿಟ್ಟನ್ನೇ ಅವರಿಗೂ ಕೊಟ್ಟು ಹೋದರು. ಒಲೆಯ ಪ್ರಶ್ನೆ ಕೇಳಿದ್ದು ನನ್ನ ಹತ್ತಿರ, ನಮ್ಮ ಮನೆಗೆ. ಶೆಡ್ಡಿನವರನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಲ್ಲಿ ಇದ್ದದ್ದು ಮೂರು ಕಲ್ಲಿನ ಒಲೆ, ಉರುವಲು ಅಂದರೆ ಸೆಂಟ್ರಿಂಗ್ ಹಲಗೆಯ ಚೂರು. ಕುಕ್ಕರ್ ಇಲ್ಲ. ತೊಗರಿಬೇಳೆ ಪಾತ್ರೆಯಲ್ಲಿ ಬೇಯಬೇಕಾದರೆ ಎಷ್ಟು ಹೊತ್ತು ಉರಿ ಬೇಕು ಅಂತ ಒಲೆ ಮುಂದೆ ಕೂತವರಿಗೇ ಗೊತ್ತು. ಎರಡು ದಿನಕ್ಕೆ ಆಗುವ ಹಲಗೆ ಒಂದು ಬೇಳೆಗೆ ಮುಗಿದುಹೋಗಿತ್ತು.

ಅವರಲ್ಲಿ ಒಬ್ಬಾಕೆ, ಎರಡು ಮಕ್ಕಳ ತಾಯಿ, ನಮ್ಮಮ್ಮನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು, "ಅಕ್ಕಾರ, ಜ್ವಾಳದ ಹಿಟ್ಟು ಸಿಗತದೇನ್ರಿ? ಬರೇ ಅನ್ನ ಉಂಡ್ರ ಹುಡುಗೂರು ರಾತ್ರಿ ಏಳ್ತಾವ್ರಿ, ಹಸಿವಿ ಅಂತ." ಕೊಟ್ಟದ್ದು ಉಣ್ಣದೆ ಇದು ಬೇಕು ಅದು ಬೇಕು ಅಂತಾರೆ ಅಂದುಕೊಳ್ಳಬೇಡಿ. ಹುಟ್ಟಿದಾಗಿನಿಂದ ರೊಟ್ಟಿ ತಿಂದ ಹೊಟ್ಟೆ ಅದು.

ನಾನು ಗುಂಪಿಗೆ ಫೋನ್ ಮಾಡಿದೆ. ನಾಲ್ಕು ದಿನಕ್ಕೆ ಜೋಳ ತಂದರು. ಹಿಟ್ಟಲ್ಲ, ಕಾಳು! ನಮ್ಮ ಕಡೆಯ ಗಿರಣಿ ಮುಚ್ಚಿತ್ತು. ಶೆಡ್ಡಿನ ಮುಂದೆ ಆ ಮೂಟೆ ಇಟ್ಟುಕೊಂಡು ಅದನ್ನು ತಂದ ಹುಡುಗ ಪೆಚ್ಚಾಗಿ ನಿಂತಿದ್ದ, ಎಲ್ಲರೂ ಮೂಟೆಯನ್ನೇ ನೋಡುತ್ತಿದ್ದರು. ಮರುದಿನ ಎಲ್ಲೋ ಒಂದು ಗಿರಣಿಯವರನ್ನು ಕಾಡಿ ಬೇಡಿ ಬೀಸಿಸಿಕೊಂಡು ಬಂದರು. ಜೊತೆಗೆ ತೊಗರಿಬೇಳೆ ಬದಲು ಹೆಸರುಬೇಳೆ, ಬೇಗ ಬೇಯುತ್ತದೆ ಅಂತ, ಹಸಿಮೆಣಸಿನಕಾಯಿ, ಶೇಂಗಾ. ಅವತ್ತು ಸಂಜೆ ಆ ಸೈಟಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಆ ಸದ್ದು ಕೇಳಿ ನಮ್ಮಜ್ಜಿ ಬಾಗಿಲಿಗೆ ಬಂದು ಕೂತಿದ್ದರು.

ಈ ಗುಂಪಿಗೆ ನಾನು ಜಾಸ್ತಿ ಅಂಕ ಕೊಡುವುದು ಇದಕ್ಕೇ. ತಪ್ಪು ಮಾಡಿದರು, ಹೇಳಿದರೆ ಕೇಳಿದರು, ತಿದ್ದಿಕೊಂಡರು.

ಇನ್ನೊಂದು ವಿಷಯ. ನಮ್ಮ ಬೀದಿಯ ಕೊನೆಯಲ್ಲಿ ನಾಲ್ವರು ಮಂಗಳಮುಖಿಯರು ಒಂದು ಮನೆ ಮಾಡಿಕೊಂಡಿದ್ದರು. ಬೇರೆ ಕಿಟ್‌ನವರ ಫಾರಂನಲ್ಲಿ ಮನೆ ಯಜಮಾನ ಯಾರು, ಸಂಬಂಧ ಏನು ಅಂತ ಕಾಲಂ. ಆ ಮನೆಯವರು ಏನು ತುಂಬಬೇಕು? ಚೀಲಗಳು ಆ ಬಾಗಿಲು ದಾಟಿ ಮುಂದೆ ಹೋದವು. ಈ ಗುಂಪಿನವರು ಅಲ್ಲೂ ಕೇಳಿದ್ದು ಅದೇ, ಎಷ್ಟು ಜನ, ಏನು ಬೇಕು. ಅವರು ಅಕ್ಕಿ ಹೇಗೋ ಆಗುತ್ತೆ, ಬಾಡಿಗೆ ಬೇಕು ಅಂದರಂತೆ. ಓನರ್ ಮನೆ ಬಿಡಿ ಅಂತ ಕೂತಿದ್ದರು. ಬಾಡಿಗೆ ಕೊಡುವಷ್ಟು ದುಡ್ಡು ಗುಂಪಿನ ಹತ್ತಿರ ಇರಲಿಲ್ಲ. ಓನರ್ ಹತ್ತಿರ ಹೋಗಿ ಕೂತು ಮಾತಾಡಿ ಎರಡು ತಿಂಗಳು ತಡೆಯಲು ಒಪ್ಪಿಸಿದರು. ಇದು ಪೂರ್ತಿ ಪರಿಹಾರ ಅಲ್ಲ, ಆ ಎರಡು ತಿಂಗಳ ಸಾಲ ಅವರು ಆಮೇಲೆ ತೀರಿಸಲೇಬೇಕಾಯಿತು. ಬಾಡಿಗೆ ಮನೆಯಲ್ಲಿ ಇರುವವರಿಗೆಲ್ಲ ಇದೇ ಗೋಳು, ನಮಗೂ. ಯಾವ ಕಿಟ್‌ನಲ್ಲೂ ಬಾಡಿಗೆ ಬರುವುದಿಲ್ಲ. ಇದು ನನ್ನ ದೊಡ್ಡ ದೂರು, ಈ ಗುಂಪಿನ ಮೇಲೆ ಮಾತ್ರ ಅಲ್ಲ.

ಮೇ 6ಕ್ಕೆ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಹೇಳಿತು. ಆಟೋ, ಟ್ಯಾಕ್ಸಿಯವರಿಗೆ, ಅಗಸರಿಗೆ, ಕ್ಷೌರಿಕರಿಗೆ ತಲಾ 5,000. ಅರ್ಜಿ ಸೇವಾ ಸಿಂಧುವಿನಲ್ಲಿ ಹಾಕಬೇಕು. ಅಪ್ಪನಿಗೆ ಆನ್‌ಲೈನ್ ಅಂದರೆ ಯುಪಿಐ ಅಷ್ಟೇ ಗೊತ್ತು. ಈ ಹುಡುಗರು ಅರಳಿ ಕಟ್ಟೆ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಡ್ರೈವರ್‌ಗಳ ಡಿಎಲ್, ಆಧಾರ್ ತಗೊಂಡು ಬಿಸಿಲಲ್ಲೇ ಕೂತು ಅರ್ಜಿ ತುಂಬಿದರು. ಅಪ್ಪನಿಗೆ ದುಡ್ಡು ಬಂತು. ನನ್ನ ಲೆಕ್ಕದಲ್ಲಿ ಅವರು ಕೊಟ್ಟ ಎಲ್ಲ ಕಿಟ್‌ಗಿಂತ ಆ ಒಂದು ಮಧ್ಯಾಹ್ನ ದೊಡ್ಡದು.

2021ರಲ್ಲಿ ಎರಡನೇ ಅಲೆ ಬಂದು ಮತ್ತೆ ಎಲ್ಲ ಮುಚ್ಚಿದಾಗ ಅವರು ಬೇರೆ ಥರ ಕೆಲಸ ಮಾಡಿದರು. ಅಂಗಡಿ ತೆರೆದಿರುತ್ತಿದ್ದ ಬೆಳಗಿನ ಹೊತ್ತಿಗೆ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲೇ ಮನೆಗೆ ಇಷ್ಟು ಅಂತ ಲೆಕ್ಕ ಬರೆಸಿದರು. ಬೇಕಾದ್ದು ನಾವೇ ತಗೊಂಡೆವು, ಬೇರೆ ಗಿರಾಕಿಗಳ ಹಾಗೇ ನಿಂತು. ಅಮ್ಮ ಅವತ್ತು ಹುಣಸೆಹಣ್ಣು ತಂದರು. ಮೊದಲನೇ ವರ್ಷ ಎಷ್ಟೋ ಕಿಟ್ ಬಂದರೂ ಒಂದರಲ್ಲೂ ಹುಣಸೆಹಣ್ಣು ಇರಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಫೋನ್ ಸಿಗದ ಆ ಎರಡು ದಿನಕ್ಕೆ ಮತ್ತೆ ಆಳು ಲೆಕ್ಕ ಬಿಟ್ಟು ಮನೆ ಲೆಕ್ಕದಲ್ಲಿ ಚೀಲ ಹಂಚಿದ್ದಕ್ಕೆ. ಎಷ್ಟು ಜನ ಅಂತ ಕೇಳಿ ಬರೆದುಕೊಂಡಿದ್ದರೂ ಮೊದಲ ಸುತ್ತಿನಲ್ಲಿ ಇಬ್ಬರಿದ್ದ ಮನೆಗೂ ಏಳು ಜನರ ಮನೆಗೂ ಒಂದೇ ಚೀಲ ಬಂದಿತ್ತು. ಕೊಡಬೇಕು ಅಂತಿರುವವರು ದಯವಿಟ್ಟು ಮನೆಯ ಹಳೇ ಬಟ್ಟೆ, ಅರ್ಧ ಬಳಸಿದ ಸಾಮಾನು ಕಳಿಸಬೇಡಿ, ವಿಂಗಡಿಸಲು ಅವರಿಗೆ ಕೈ ಸಾಲದು. ದುಡ್ಡು ಕೊಡಿ. ಫೋಟೋ ಕೇಳಬೇಡಿ, ಬಿಲ್ ಕೇಳಿ. ಬಿಲ್ ಕೊಡುತ್ತಾರೆ, ನಾನು ನೋಡಿದ್ದೇನೆ.

ಯಾದಗಿರಿಯವರು ಮೇ ಮೊದಲ ವಾರ ಕೆಎಸ್‌ಆರ್‌ಟಿಸಿ ಪುಕ್ಕಟೆ ಬಸ್ಸು ಬಿಟ್ಟಾಗ ಊರಿಗೆ ಹೊರಟರು. ಮೆಜೆಸ್ಟಿಕ್‌ವರೆಗೆ ಅಪ್ಪನಿಗೆ ಬಿಡಲು ಆಗಲಿಲ್ಲ, ಆಟೋಗೆ ಆಗ ಇನ್ನೂ ಪರ್ಮಿಷನ್ ಇರಲಿಲ್ಲ. ಹಿಂದಿನ ರಾತ್ರಿಯೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಮಾಡಿ, ಬುತ್ತಿ ಕಟ್ಟಿದ್ದರು. ಹೊರಡುವ ಮುಂಚೆ ಆ ಹೆಂಗಸು ನಮ್ಮ ಬಾಗಿಲಿಗೆ ಬಂದು ಒಂದು ಕವರ್ ಇಟ್ಟಳು. ಮೊದಲ ಕಿಟ್‌ನ ತೊಗರಿಬೇಳೆ, ಉಳಿದದ್ದು ಸುಮಾರು ಒಂದೂವರೆ ಕೆಜಿ. ಅಮ್ಮ ಬೇಡ, ದಾರಿಗೆ, ಊರಿಗೆ ಆಗುತ್ತೆ ತಗೊಂಡು ಹೋಗು ಅಂದರು.

"ಇಲ್ರಿ ಅಕ್ಕಾರ, ನಮ್ಮೂರಾಗ ಬ್ಯಾಳಿ ಬೆಳಿತದ್ರಿ. ನಿಮ್ ಮನ್ಯಾಗ ಕುಕ್ಕರ್ ಅದ. ಇದು ನಿಮಗ ಆಗ್ತದ್ರಿ."