46ರ ನಾಡಿ ಮತ್ತು ಎರಡು ಬಿಪಿ ಮಾತ್ರೆ

ಅಟೆನೊಲಾಲ್, ಮೆಟೊಪ್ರೊಲಾಲ್ ಎರಡೂ ನಾಡಿ ನಿಧಾನ ಮಾಡಿ ಬಿಪಿ ಇಳಿಸುವ ಒಂದೇ ಜಾತಿಯ (ಬೀಟಾ ಬ್ಲಾಕರ್) ಮಾತ್ರೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಟೊಪ್ರೊಲಾಲ್‌ಗೆ. ಅಟೆನೊಲಾಲ್ ಕೆಟ್ಟದ್ದು ಅಂತಲ್ಲ. ಒಂಬತ್ತು ವರ್ಷ ಅದೇ ನನ್ನ ಬಿಪಿ ಹಿಡಿದಿಟ್ಟಿತ್ತು, ರೇಟೂ ಕಡಿಮೆ.

ಕಳೆದ ಚಳಿಗಾಲದಲ್ಲಿ ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ವಾಕಿಂಗ್ ಹೋದರೆ ಅರ್ಧಕ್ಕೇ ಕೂರಲು ಜಾಗ ಹುಡುಕುವಂತಾಯಿತು. ಕಾಲು ತಣ್ಣಗೆ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ. 61 ಆಯ್ತಲ್ಲ ಅಂತ ಸುಮ್ನಿದ್ದೆ. ಒಂದು ದಿನ ಮನೆಯವಳು ಬಿಪಿ ಮಷೀನ್ ಕಟ್ಟಿ, "ಇದು ಹಾಳಾಗೇತೇನ್ರೀ?" ಅಂದಳು. ನಾಡಿ 46. ಹೊಸ ಸೆಲ್ ಹಾಕಿ ನೋಡಿದೆ, ಮತ್ತೆ 46.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕುಂದಿದಷ್ಟೂ ರಕ್ತದಲ್ಲಿ ಏರುವ ಕಸ) 2.2, ಇಜಿಎಫ್‌ಆರ್ ಅಂದರೆ ಕಿಡ್ನಿ ಸೋಸುವ ಲೆಕ್ಕ 33. ಡಾಕ್ಟರು ಹೇಳಿದ್ದು ಇಷ್ಟು: ಅಟೆನೊಲಾಲ್ ಬಹುಪಾಲು ಹೊರಹೋಗುವುದು ಕಿಡ್ನಿ ಮೂಲಕ. ಕಿಡ್ನಿ ನಿಧಾನವಾದರೆ ನಿನ್ನೆಯದು ಪೂರ್ತಿ ಹೋಗುವ ಮೊದಲೇ ಇವತ್ತಿನದು ಸೇರಿಕೊಳ್ಳುತ್ತದೆ. ಕಿಡ್ನಿ ಸೋಸುವ ಲೆಕ್ಕ 35ಕ್ಕಿಂತ ಇಳಿದರೆ ದಿನಕ್ಕೆ 50 ಮಿಲಿಗ್ರಾಂ ದಾಟಬಾರದು, ನಾನು ನುಂಗುತ್ತಿದ್ದದ್ದು 100. ಎರಡು ವರ್ಷದಿಂದ ಅದೇ ಹಳೆ ಚೀಟಿ ತೋರಿಸಿ ಮಾತ್ರೆ ತರುತ್ತಿದ್ದೆ, ಒಮ್ಮೆಯೂ ರಕ್ತ ಕೊಟ್ಟು ನೋಡಿರಲಿಲ್ಲ, ಇನ್ಯಾರನ್ನು ಬೈಯಲಿ?

ಮೆಟೊಪ್ರೊಲಾಲನ್ನು ಕರಗಿಸುವುದು ಲಿವರ್, ಹಾಗಾಗಿ ಕಿಡ್ನಿ ಕುಂದಿದೆ ಅಂತ ಡೋಸ್ ಇಳಿಸಬೇಕಿಲ್ಲ. ಈ ಜಾತಿಯ ಮಾತ್ರೆ ಒಮ್ಮೆಗೇ ಬಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೆ ಡಾಕ್ಟರೇ ನೋಡಿಕೊಂಡು ಬದಲಿಸಿದರು. ತಿಂಗಳೊಳಗೆ ನಾಡಿ 62.

ಕ್ರಿಯಾಟಿನಿನ್ ಮಾತ್ರ ಮೂರು ತಿಂಗಳಾದ ಮೇಲೂ 2.1. ಮಾತ್ರೆ ಬದಲಿಸಿದ ಮಾತ್ರಕ್ಕೆ ಕಿಡ್ನಿ ಸರಿಹೋಗಲ್ಲ, ಅದನ್ನು ಕೆಡಿಸಿದ್ದು ಅಟೆನೊಲಾಲೂ ಅಲ್ವಂತೆ, ಹಳೆಯ ಬಿಪಿ. ಬಿಪಿಯಿಂದ ಕಿಡ್ನಿ ಸೊರಗಿದ ಕಪ್ಪು ಅಮೆರಿಕನ್ನರ ಮೇಲೆ ನಡೆದ ಆಸ್ಕ್ ಅಧ್ಯಯನ 2002ರಲ್ಲಿ ಬಂತಲ್ಲ, ಅದರಲ್ಲೂ ಕಿಡ್ನಿ ಕಾಯುವುದರಲ್ಲಿ ಬೇರೆ ಜಾತಿಯ ಬಿಪಿ ಮಾತ್ರೆ ರಾಮಿಪ್ರಿಲ್ ಮುಂದೆ, ಮೆಟೊಪ್ರೊಲಾಲ್ ಹಿಂದೆ.

ಇದೇ ಜಾತಿಯ ನೆಬಿವೊಲಾಲ್ ಕೂಡ ಹದಿನೈದು ದಿನ ನೋಡಿದೆ. ಕಾಲು ಬೆಚ್ಚಗಾದವು, ರೇಟು ಪೆನ್ಷನ್‌ಗೆ ಹೊಂದಲಿಲ್ಲ.

ಮೆಟೊಪ್ರೊಲಾಲ್‌ನದೂ ಒಂದು ತಕರಾರಿದೆ. ಎಕ್ಸ್‌ಎಲ್ ಅಂತ ಬರೆದದ್ದು ಔಷಧವನ್ನು ದಿನವಿಡೀ ನಿಧಾನ ಬಿಡುತ್ತದೆ, ಪುಡಿ ಮಾಡಬಾರದು, ಜಗಿಯಬಾರದು. ಒಮ್ಮೆ ಅಂಗಡಿಯವನು ಸಾದಾ ಮಾತ್ರೆ ಕೊಟ್ಟ, ಅದು ದಿನಕ್ಕೆ ಎರಡು ಸಲದ್ದು. ನಾನು ಬೆಳಿಗ್ಗೆ ಒಂದೇ ನುಂಗುತ್ತಿದ್ದೆ, ಸಂಜೆ ಬಿಪಿ 160 ದಾಟುತ್ತಿತ್ತು, ಮನೆಯಲ್ಲಿ ಉಪ್ಪಿನಕಾಯಿ ಭರಣಿ ಮೇಲಟ್ಟಕ್ಕೇರಿತು. ಈಗ ಕೌಂಟರ್ ಮುಂದೆಯೇ ಕನ್ನಡಕ ಹಾಕಿಕೊಂಡು ಮಾತ್ರೆ ಪಟ್ಟಿಯ ಮೇಲೆ ಬರೆದದ್ದು ಓದುತ್ತೇನೆ. ಭರಣಿ ಇನ್ನೂ ಕೆಳಗಿಳಿದಿಲ್ಲ.