ನಮ್ಮೂರಿನವರು ಅಂತ ನಂಬಿ ಕೆನಡಾದ ಕೆಲಸಕ್ಕೆ ದುಡ್ಡು ಕೊಡಬೇಡಿ

ಸಂಕ್ರಾಂತಿಯ ದಿನ ಎಳ್ಳು ಬೀರಲು ಕುವೆಂಪುನಗರದ ನಮ್ಮ ಬೀದಿಯಲ್ಲೇ ಮೂರು ಮನೆ ಆಚೆ ಹೋಗಿದ್ದೆ. ಮೂರು ವರ್ಷದ ಮೇಲೆ ಊರಿಗೆ ಬಂದಿದ್ದೇನೆ. ಆ ಮನೆಯ ಹುಡುಗ ಕೆನಡಾಕ್ಕೆ ಓದಲು ಹೊರಟಿದ್ದಾನೆ. ಅವನ ಅಮ್ಮ ಎಳ್ಳು-ಬೆಲ್ಲ ತೆಗೆದುಕೊಳ್ಳುತ್ತಾ ಖುಷಿಯಿಂದ ಹೇಳಿದರು: "ಅಲ್ಲಿ ಕೆಲಸಕ್ಕೂ ವ್ಯವಸ್ಥೆ ಆಯ್ತಮ್ಮ. ನಮ್ಮ ಕಡೆಯವರೇ ಒಬ್ಬರು ಇದ್ದಾರಂತೆ, ಎಲ್ಲ ಅವರೇ ನೋಡ್ಕೋತಾರೆ. ಒಂದೂವರೆ ಲಕ್ಷ ಇಲ್ಲೇ ಮೈಸೂರಲ್ಲಿ ಕೊಟ್ಟರೆ ಸಾಕಂತೆ."

ಸಕ್ಕರೆ ಅಚ್ಚು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಎರಡು ವರ್ಷದ ಹಿಂದೆ ಇದೇ ಮಾತು ನಮ್ಮ ಮನೆಯಲ್ಲೂ ನಡೆದಿತ್ತು. ಅವಮಾನ ಅಂತ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಾವು ಸುಮ್ಮನಿದ್ದದ್ದಕ್ಕೇ ಅದು ಮೂರು ಮನೆ ಆಚೆಗೆ ಬಂದು ನಿಂತಿದೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಆರು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಸಿಕ್ಕಿ 2023ರ ಫೆಬ್ರವರಿಯಲ್ಲಿ ಕೆನಡಾಕ್ಕೆ ಹೋದೆ. ಟೊರಾಂಟೊ ಹತ್ತಿರದ ಬ್ರಾಂಪ್ಟನ್‌ನಲ್ಲಿ ಒಂದು ಬೇಸ್‌ಮೆಂಟ್ ಕೋಣೆ ಸಿಕ್ಕಿತು. ದಿನಕ್ಕೆ ಐದಾರು ಅರ್ಜಿ ಹಾಕುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ, ಬಂದರೂ ಕೇಳುತ್ತಿದ್ದದ್ದು ಒಂದೇ: ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ಇದೆಯಾ? ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ಕೊನೆಗೆ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತುವ ಕೆಲಸಕ್ಕೆ ಸೇರಿದೆ. ಆ ಕೆಲಸ ಕೀಳು ಅಂತ ನನಗೆ ಅನ್ನಿಸಲಿಲ್ಲ. ಬಾಡಿಗೆ ಕಟ್ಟಿದ್ದು ಅದೇ. ಆದರೆ ಅಮ್ಮ ಫೋನ್ ಮಾಡಿ "ಆಫೀಸಿಂದ ಬಂದ್ಯಾ?" ಅಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು.

ನವೆಂಬರ್‌ನಲ್ಲಿ ರಾಜ್ಯೋತ್ಸವದ ಒಂದು ಕಾರ್ಯಕ್ರಮಕ್ಕೆ ಹೋದೆ. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದವರು "ಯಾವೂರವ್ವಾ ನಿಮ್ದು?" ಅಂದರು. ಮೈಸೂರು ಅಂದೆ. ಅವರದು ಮದ್ದೂರು ಕಡೆ ಅಂದರು. ನಮ್ಮಮ್ಮನ ತವರು ಪಾಂಡವಪುರದ ಹತ್ತಿರ. ಒಂಬತ್ತು ತಿಂಗಳಿಂದ ಕೇಳದಿದ್ದ ನನ್ನ ಸೋದರಮಾವಂದಿರ ಮಾತು ಅದು. ಮನಸ್ಸು ಅಲ್ಲೇ ಕರಗಿತು. ಕಾರ್ಯಕ್ರಮ ನಡೆಸಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಆ ಮನುಷ್ಯನೂ ನನ್ನ ಹಾಗೇ ಊಟಕ್ಕೆ ಬಂದವರು, ಅಷ್ಟೇ.

ಆಮೇಲೆ ವಾರಕ್ಕೆರಡು ಸಲ ಫೋನ್. "ಉಂಡ್ಯಾ ತಂಗಿ? ಚಳಿಗೆ ಸರಿಯಾದ ಜಾಕೆಟ್ ತಗೊಂಡ್ಯಾ?" ಒಂದು ಭಾನುವಾರ ಮುದ್ದೆ, ಸೊಪ್ಪಿನ ಸಾರು ಡಬ್ಬಿಯಲ್ಲಿ ತಂದುಕೊಟ್ಟರು. ಅಣ್ಣಾ ಅಂತ ಕರೆಯತೊಡಗಿದೆ. ದುಡ್ಡಿನ ವಿಷಯವನ್ನು ಅವರು ಒಂದು ತಿಂಗಳವರೆಗೆ ಎತ್ತಲೇ ಇಲ್ಲ. ಇದನ್ನು ದಯವಿಟ್ಟು ಗಮನಿಸಿ. ಮೋಸ ಮಾಡುವವರು ಮೊದಲ ದಿನವೇ ದುಡ್ಡು ಕೇಳುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ.

ಡಿಸೆಂಬರ್‌ನಲ್ಲಿ ಅವರೇ ಶುರು ಮಾಡಿದರು. "ನೋಡವ್ವಾ, ಇಲ್ಲಿ ಅರ್ಜಿ ಹಾಕಿ ಕೆಲಸ ಸಿಗಾಕಿಲ್ಲ. ಕನೆಕ್ಷನ್ ಇರಬೇಕು." ಈ ಮಾತು ನಿಜ. ಅದಕ್ಕೇ ನಾನು ಬಿದ್ದೆ. ಪರಿಚಯದವರು ಒಂದು ಮಾತು ಹೇಳಿದರೆ ಅಲ್ಲಿ ಅರ್ಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ನಮ್ಮಲ್ಲೂ ಹಾಗೇ ಅಲ್ವಾ? ಮನೆ ಬಾಡಿಗೆಗೆ ಕೊಡುವಾಗ "ನಿಮ್ಮನ್ನು ಯಾರು ಹೇಳಿ ಕಳಿಸಿದರು?" ಅಂತಲೇ ಕೇಳುತ್ತೇವೆ.

ಅವರು ಹೇಳಿದ ಪ್ಯಾಕೇಜಿನಲ್ಲಿ ರೆಸ್ಯೂಮೆ, ತರಬೇತಿ, ಒಳಗಿನವರ ರೆಫರಲ್ ಎಲ್ಲ ಸೇರಿತ್ತು. ಅಲ್ಲಿ ಕೊಟ್ಟರೆ ನಾಲ್ಕು ಸಾವಿರ ಡಾಲರ್. ಊರಲ್ಲಿ ಕೊಟ್ಟರೆ 1,80,000 ರೂಪಾಯಿ, ಅದೂ ನಗದು. ಸರಸ್ವತಿಪುರಂನಲ್ಲಿ ತಮ್ಮ ಭಾಮೈದ ಇದ್ದಾನೆ, ಅವನ ಕೈಗೆ ಕೊಡಿ ಅಂದರು. ನಮ್ಮಪ್ಪ ನಿವೃತ್ತ ಮೇಷ್ಟ್ರು. ಎಫ್‌ಡಿ ಮುರಿಸಿ, ದುಡ್ಡನ್ನು ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಹೋದರು. ಮಹಡಿ ಮೇಲಿನ ಸಣ್ಣ ಕೋಣೆ, ಗೋಡೆಯ ಮೇಲೆ ವಿಮಾನದ ಚಿತ್ರ. ಕಾಫಿ ಕೊಟ್ಟರಂತೆ. ಅಪ್ಪ ರಸೀದಿ ಕೇಳಿದರು. "ನಮ್ಮನಮ್ಮವರ ಮಧ್ಯೆ ರಸೀದಿ ಯಾಕೆ ಮೇಷ್ಟ್ರೇ?" ಅಂದರಂತೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅಪ್ಪ ಆ ಮಾತಿಗೆ ನಾಚಿಕೊಂಡು ಎದ್ದು ಬಂದರು.

ಜನವರಿಯಲ್ಲಿ ನನ್ನ ಹೊಸ ರೆಸ್ಯೂಮೆ ಬಂತು. ಅದರ ಪ್ರಕಾರ ನಾನು 2023ರ ಮಾರ್ಚ್‌ನಿಂದ ಮಿಸ್ಸಿಸಾಗಾದ ಒಂದು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಆ ಕಂಪನಿಯ ಹೆಸರನ್ನೇ ನಾನು ಕೇಳಿರಲಿಲ್ಲ. ಅನುಭವ ಪತ್ರ ಬೇರೆ, ಅದರ ಕೆಳಗೆ ನನ್ನ ಸಹಿಗೆ ಜಾಗ. ಬೇಡ ಅಣ್ಣ, ಭಯ ಆಗುತ್ತೆ ಅಂದೆ. "ಎಲ್ಲರೂ ಮಾಡೋದೇ ಇದು. ಸುಮ್ಕೆ ಹೆದರ್ಬೇಡ" ಅಂದರು. ಅಪ್ಪನ ದುಡ್ಡು ಹೋಗಿಯಾಗಿತ್ತು. ಸಹಿ ಹಾಕಿದೆ. ಅದು ನನ್ನ ತಪ್ಪು. ಪಾಸ್‌ಪೋರ್ಟ್ ಪ್ರತಿ, ಪಿಆರ್ ಕಾಗದ, ಸಿನ್ ನಂಬರ್ ಕೂಡ ಕಳಿಸಿದೆ. ಸಿನ್ ಅಂದರೆ ಅಲ್ಲಿನ ಒಂಬತ್ತು ಅಂಕಿಯ ಸಂಖ್ಯೆ. ಸಂಬಳ, ತೆರಿಗೆ ಎಲ್ಲ ಅದರ ಮೇಲೇ ನಡೆಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಮಾಲೀಕರಿಗೆ ಕೊಡಬೇಕೇ ಹೊರತು ಕೆಲಸ ಕೊಡಿಸುತ್ತೇನೆ ಅನ್ನುವವರಿಗಲ್ಲ.

ಏಪ್ರಿಲ್‌ನಲ್ಲಿ ಒಂದು ಸಂದರ್ಶನ ಚೆನ್ನಾಗಿ ಆಯಿತು. ಕೇಳಿದ್ದೆಲ್ಲ ನನಗೆ ಹೂಟಗಳ್ಳಿಯಲ್ಲೇ ಕರಗತವಾಗಿದ್ದ ವಿಷಯ. ಆಫರ್ ಬಂತು, ಹಿನ್ನೆಲೆ ಪರಿಶೀಲನೆ ಮುಗಿಯಬೇಕು ಅನ್ನುವ ಷರತ್ತಿನ ಮೇಲೆ. ಮೂರನೇ ದಿನ ಒಂದು ಸಾಲಿನ ಇಮೇಲ್: 2023ರ ಟಿ4 ಕಳಿಸಿ.

ಕೆನಡಾದಲ್ಲಿ ಸಂಬಳಕ್ಕೆ ದುಡಿದ ಪ್ರತಿಯೊಬ್ಬರಿಗೂ ಮಾಲೀಕರು ಮುಂದಿನ ಫೆಬ್ರವರಿ ಕೊನೆಯೊಳಗೆ ಟಿ4 ಕೊಡಬೇಕು. ನಮ್ಮ ಫಾರ್ಮ್ 16 ಇದ್ದ ಹಾಗೆ. ನನ್ನ ಹತ್ತಿರ ಇದ್ದದ್ದು ಗೋದಾಮಿನ ಟಿ4 ಒಂದೇ. ಅಣ್ಣನಿಗೆ ಫೋನ್ ಮಾಡಿದೆ. "ಮಾಡಿಸ್ಕೊಡ್ತೀನಿ, ಇನ್ನೊಂದು ಸಾವಿರ ಡಾಲರ್ ಆಗ್ತದೆ" ಅಂದರು. ಅವತ್ತು ಕಣ್ಣು ತೆರೆಯಿತು. ಕೊಡಲಿಲ್ಲ. ಆಫರ್ ವಾಪಸ್ ಹೋಯಿತು. ಆ ಕಂಪನಿಗೆ ನಾನು ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ದುಡ್ಡು ವಾಪಸ್ ಕೊಡಿ ಅಂದಾಗ ಅವರ ದನಿಯೇ ಬೇರೆಯಾಯಿತು. ತಂಗಿ ಹೋಗಿ ಮೇಡಂ ಬಂತು. "ಸುಳ್ಳು ಕಾಗದಕ್ಕೆ ಸಹಿ ಹಾಕಿದ್ದು ಯಾರು ಮೇಡಂ? ಹೋಗಿ ದೂರು ಕೊಡಿ, ನೋಡೋಣ." ಅವರ ವ್ಯಾಪಾರ ನಡೆಯುವುದೇ ಈ ಒಂದು ಮಾತಿನ ಮೇಲೆ. ನಮ್ಮ ಕೈಯಲ್ಲೇ ಒಂದು ತಪ್ಪು ಮಾಡಿಸಿಟ್ಟರೆ ನಾವು ಬಾಯಿ ಬಿಡುವುದಿಲ್ಲ ಅಂತ ಅವರಿಗೆ ಗೊತ್ತು. ಇತ್ತ ಅಪ್ಪ ಸರಸ್ವತಿಪುರಂಗೆ ಹೋದರೆ ಕೋಣೆಗೆ ಬೀಗ. ಖಾಲಿ ಮಾಡಿ ಎರಡು ತಿಂಗಳಾಯಿತು ಅಂದರಂತೆ ಮನೆ ಓನರ್. ರಸೀದಿ ಇಲ್ಲ, ಬ್ಯಾಂಕಿನ ದಾಖಲೆ ಇಲ್ಲ. ಆನ್‌ಲೈನ್‌ನಲ್ಲಿ ಕಳಿಸಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಬಹುದಿತ್ತು. ನಗದಿಗೆ ಆ ದಾರಿ ಇಲ್ಲ.

ಅಲ್ಲಿ ನಿಜವಾಗಿ ಪರಿಚಯ ಬೆಳೆದದ್ದು ಹೇಗೆ ಅಂತಲೂ ಹೇಳಬೇಕು. ಇಲ್ಲದಿದ್ದರೆ ಇದನ್ನು ಓದಿದವರು ಯಾರನ್ನೂ ನಂಬದೆ ಕೋಣೆಯಲ್ಲಿ ಕೂರುತ್ತಾರೆ. ನಾನೂ ಎರಡು ತಿಂಗಳು ಹಾಗೇ ಕೂತಿದ್ದೆ.

ಹೊರಗೆ ಬಂದದ್ದು ಲೈಬ್ರರಿಯಿಂದ. ಅಲ್ಲಿನ ನೋಟಿಸ್ ಬೋರ್ಡ್‌ನಲ್ಲಿ ಹೊಸಬರ ನೆರವಿನ ಕೇಂದ್ರದ ಚೀಟಿ ಇತ್ತು. ಪಿಆರ್ ಮೇಲೆ ಹೋದವರಿಗೆ ಈ ಕೇಂದ್ರಗಳ ಸೇವೆ ಪೂರ್ತಿ ಉಚಿತ. ಖರ್ಚು ಅಲ್ಲಿನ ಕೇಂದ್ರ ಸರ್ಕಾರದ್ದು. ನಾನು ಒಂದು ಲಕ್ಷದ ಎಂಬತ್ತು ಸಾವಿರ ಕೊಟ್ಟಿದ್ದ ಕೆಲಸಕ್ಕೆ ಅಲ್ಲಿ ಒಂದು ಪೈಸೆ ಕೇಳಲಿಲ್ಲ. ಕೌನ್ಸೆಲರ್ ನನ್ನ ಹಳೆಯ ರೆಸ್ಯೂಮೆ ತೆಗೆದುಕೊಂಡು ಫೋಟೊ, ಹುಟ್ಟಿದ ದಿನ, ಮದುವೆಯಾಗಿದೆಯೋ ಇಲ್ಲವೋ ಎಲ್ಲ ಹೊಡೆದುಹಾಕಿದರು. ಅಲ್ಲಿ ಅವನ್ನು ಹಾಕುವುದಿಲ್ಲ. ಸುಳ್ಳು ಪತ್ರದ ವಿಷಯ ಅವರ ಹತ್ತಿರ ಅಳುತ್ತಾ ಹೇಳಿಕೊಂಡೆ. ಬೈಯಲಿಲ್ಲ. ತೆರಿಗೆ ಇಲಾಖೆಯ ಖಾತೆಗೆ ಹೋಗಿ, ನನ್ನ ಸಿನ್ ಮೇಲೆ ಬೇರೆ ಯಾರಾದರೂ ಆದಾಯ ತೋರಿಸಿದ್ದಾರಾ ಅಂತ ನೋಡಲು ಕಲಿಸಿದರು. ಪುಣ್ಯಕ್ಕೆ ಇರಲಿಲ್ಲ. ಈಗಲೂ ಆಗಾಗ ನೋಡುತ್ತಿರುತ್ತೇನೆ.

ಟೊರಾಂಟೊ ಸುತ್ತಮುತ್ತ ಟ್ರೀಯೆಕ್ ಅನ್ನುವ ಸಂಸ್ಥೆಯ ಮಾರ್ಗದರ್ಶನ ಯೋಜನೆ ಇದೆ. ನಮ್ಮದೇ ವೃತ್ತಿಯಲ್ಲಿ ಅಲ್ಲಿ ದುಡಿಯುತ್ತಿರುವ ಒಬ್ಬರನ್ನು ಜೊತೆ ಮಾಡಿಕೊಡುತ್ತಾರೆ. ಅದಕ್ಕೂ ದುಡ್ಡಿಲ್ಲ. ಇನ್ನೊಂದು ದಾರಿ, ಅಲ್ಲಿಯವರು ಕಾಫಿ ಚಾಟ್ ಅನ್ನುವುದು. ಲಿಂಕ್ಡ್‌ಇನ್‌ನಲ್ಲಿ ನಮ್ಮ ಕೆಲಸದವರನ್ನು ಹುಡುಕಿ, "ಹದಿನೈದು ನಿಮಿಷ ನಿಮ್ಮ ಕೆಲಸದ ಬಗ್ಗೆ ಕೇಳಬಹುದಾ?" ಅಂತ ಬರೆಯುವುದು. ಕೆಲಸ ಕೊಡಿ ಅನ್ನಬಾರದು. ನನಗೆ ಮೊದಮೊದಲು ಬಹಳ ಸಂಕೋಚ. ಗುರುತಿಲ್ಲದವರಿಗೆ ಹೇಗೆ ಬರೆಯುವುದು ಅಂತ. ನಲವತ್ತು ಜನಕ್ಕೆ ಬರೆದೆ, ಆರು ಜನ ಮಾತಾಡಿದರು. ಅವರಲ್ಲಿ ಫಿಲಿಪೀನ್ಸ್‌ನ ಒಬ್ಬರು ಆಹಾರ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದರು. "ನಿನ್ನ ಮೈಸೂರಿನ ಆರು ವರ್ಷವನ್ನು ಯಾಕೆ ಎರಡು ಸಾಲಿನಲ್ಲಿ ಮುಗಿಸಿದ್ದೀಯ?" ಅಂತ ಕೇಳಿದರು. ಎಷ್ಟು ಲೈನ್ ನೋಡಿಕೊಳ್ಳುತ್ತಿದ್ದೆ, ರಿಜೆಕ್ಷನ್ ಎಷ್ಟು ಇಳಿಸಿದೆ, ಎಲ್ಲ ಬರೆಸಿದರು. ಆಹಾರ ಸುರಕ್ಷತೆಯ ಎಚ್‌ಎಸಿಸಿಪಿ ಕೋರ್ಸ್ ಮಾಡು ಅಂದರು. ಮಾಡಿದೆ. 2025ರ ಮಾರ್ಚ್‌ನಲ್ಲಿ ಅವರ ಪರಿಚಯದ ಇನ್ನೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ರೆಸ್ಯೂಮೆಯಲ್ಲಿ ಗೋದಾಮಿನ ಕೆಲಸವೂ ಇತ್ತು. ಯಾರೂ ಮೂಗು ಮುರಿಯಲಿಲ್ಲ.

ಕನ್ನಡದ ಸಂಘಗಳಿಗೆ ನಾನು ಈಗಲೂ ಹೋಗುತ್ತೇನೆ. ಸಾರಿನ ಪುಡಿ, ಗೆಳತಿಯರು, ಹುಷಾರಿಲ್ಲದಾಗ ಗಂಜಿ ತಂದವರು ಎಲ್ಲ ಸಿಕ್ಕಿದ್ದು ಅಲ್ಲೇ. ಆದರೆ ಭಾಷೆ ಒಂದೇ ಅನ್ನುವುದು ಬೇರೆ, ಕೆಲಸದ ವಿಷಯದಲ್ಲಿ ನಂಬುವುದು ಬೇರೆ. ನನ್ನ ಪರವಾಗಿ ಮಾತು ಹೇಳಿದವರೊಬ್ಬರೂ ನನ್ನಿಂದ ಕಾಫಿ ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ.

ಈಗ ಹೊರಡುತ್ತಿರುವವರಿಗೆ ಕೆಲವು ವಿಷಯ. ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ನೋಡಬಹುದು. ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ, ರಸೀದಿ ಕೊಡಲೇಬೇಕು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 2024ರ ಜುಲೈ 1ರಿಂದ ನೇಮಕಾತಿ ಏಜೆನ್ಸಿಗಳಿಗೂ ಪರವಾನಗಿ ಬೇಕು. ಎಲ್‌ಎಂಐಎ ಅಂದರೆ ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಅಲ್ಲಿನ ಮಾಲೀಕ ಪಡೆಯಬೇಕಾದ ಸರ್ಕಾರಿ ಒಪ್ಪಿಗೆ. ಅದನ್ನು ಕೊಡಿಸುತ್ತೇವೆ, ಇಷ್ಟು ಲಕ್ಷ ಕೊಡಿ ಅಂದರೆ ಎದ್ದು ಬನ್ನಿ. ಅದರ 1,000 ಡಾಲರ್ ಶುಲ್ಕ ಮಾಲೀಕನೇ ಕಟ್ಟಬೇಕು, ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಅಂಕ ನೋಡಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದಿದ್ದಾರೆ. ಆದರೂ ಅದರ ಹೆಸರಲ್ಲಿ ಇನ್ನೂ ಆಸೆ ತೋರಿಸುತ್ತಾರೆ. ಸುಳ್ಳು ಅನುಭವ ಪತ್ರ ವೀಸಾ ಅಥವಾ ಪಿಆರ್ ಅರ್ಜಿಯೊಳಗೆ ಹೋಯಿತೋ, ಐದು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು. ಇನ್ನು ಒಂಟಾರಿಯೊದಲ್ಲಿ 25ಕ್ಕಿಂತ ಕಡಿಮೆ ಜನ ಇರುವ ಕಂಪನಿಗಳನ್ನು ಬಿಟ್ಟರೆ, 2026ರ ಜನವರಿ 1ರಿಂದ ಕೆಲಸದ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕು ಅಂತ ಹಾಕುವಂತಿಲ್ಲ. ಆ ಅನುಭವವನ್ನು ದುಡ್ಡಿಗೆ ಕೊಳ್ಳಲು ಹೋದ ನನಗೆ ಈ ಸುದ್ದಿ ಓದಿ ಕಣ್ಣಲ್ಲಿ ನೀರು ಬಂತು.

ಓದಲು ಹೋಗುವವರಿಗೆ ನೆರವಿನ ಕೇಂದ್ರಗಳ ಹೆಚ್ಚಿನ ಸೇವೆ ಸಿಗುವುದಿಲ್ಲ. ಅವರು ಕಾಲೇಜಿನ ಕೆರಿಯರ್ ಕೇಂದ್ರವನ್ನೇ ಹಿಡಿಯಬೇಕು. ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. ಅದಕ್ಕಿಂತ ಜಾಸ್ತಿ ಕೆಲಸ ಕೊಡಿಸುತ್ತೇವೆ, ಕೈಗೆ ನಗದು ಕೊಡುತ್ತೇವೆ ಅನ್ನುವವರು ಹುಡುಗರ ವೀಸಾವನ್ನೇ ಅಪಾಯಕ್ಕೆ ಒಡ್ಡುತ್ತಾರೆ.

ಸಂಕ್ರಾಂತಿಯ ಮರುದಿನ ಆ ಹುಡುಗ, ಅವನ ಅಮ್ಮ ಇಬ್ಬರನ್ನೂ ಮನೆಗೆ ಕರೆದೆ. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಅಪ್ಪ ಪೇಪರ್ ಮಡಚಿಟ್ಟು, "ಒಂದು ಲಕ್ಷದ ಎಂಬತ್ತು ಸಾವಿರ. ನಾನೇ ಕೈಯಾರೆ ಕೊಟ್ಟು ಬಂದೆನಮ್ಮ" ಅಂದರು. ಅಪ್ಪ ಹೊರಗಿನವರ ಮುಂದೆ ಆ ಮೊತ್ತ ಹೇಳಿದ್ದು ಅದೇ ಮೊದಲು. ಹುಡುಗನ ಮನೆಯವರು ಇಪ್ಪತ್ತೈದು ಸಾವಿರ ಅಡ್ವಾನ್ಸ್ ಆಗಲೇ ಕೊಟ್ಟಿದ್ದರು, ಅದೂ ರಸೀದಿ ಇಲ್ಲದೆ. ಆದರೆ ಫೋನಿನಲ್ಲಿ ಮೆಸೇಜುಗಳು ಹಾಗೇ ಇದ್ದವು. ಒಂದನ್ನೂ ಅಳಿಸಬೇಡಿ ಅಂತ ಹೇಳಿ ಎಲ್ಲದರ ಪ್ರಿಂಟ್ ತೆಗೆಸಿದ್ದೇವೆ. ನಾಳೆ ಬೆಳಿಗ್ಗೆ ಹುಡುಗ ದೂರು ಕೊಡಲು ಹೋಗುತ್ತಾನೆ. ಅಪ್ಪನೂ ತಮ್ಮ ದೂರನ್ನು ಕೈಬರಹದಲ್ಲಿ ಎರಡು ಪುಟ ಬರೆದಿಟ್ಟುಕೊಂಡಿದ್ದಾರೆ, ಜೊತೆಗೆ ಹೋಗುತ್ತಾರೆ.