ಹಳೇ ಆಫೀಸ್ ನೆಟ್‌ವರ್ಕ್ ಕೈಗೆ ಬಂದ್ರೆ ಮೊದಲು ತಗೋಬೇಕಾದ್ದು: ವೈರ್ ಟ್ರ್ಯಾಕರ್ ರಿವ್ಯೂ

ಯಾರೋ ಮಾಡಿ ಬಿಟ್ಟು ಹೋಗಿರೋ ಆಫೀಸ್ ನೆಟ್‌ವರ್ಕ್ ವಹಿಸ್ಕೊಳ್ಳೋರಿಗೆ ನಂದೊಂದು ಮಾತು. ಯಜಮಾನ್ರು ದುಡ್ಡು ಬಿಚ್ಚೋಕೆ ರೆಡಿ ಇದ್ರೂ ಹೊಸ ರೂಟರು ಹೊಸ ಸ್ವಿಚ್ಚು (ಹಲವು ಕಂಪ್ಯೂಟರ್ ಒಟ್ಟಿಗೆ ಜೋಡಿಸೋ ಬಾಕ್ಸು) ಅಂತ ಹೋಗ್ಬೇಡಿ, ಸಾವಿರ ಚಿಲ್ಲರೆಗೆ ಸಿಗೋ ಒಂದು ವೈರ್ ಟ್ರ್ಯಾಕರ್ (ಯಾವ ವೈರ್ ಎಲ್ಲಿಗೆ ಹೋಗುತ್ತೆ ಅಂತ ಹುಡುಕೋ ಸಾಧನ) ತಗೊಳ್ಳಿ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲಿ ಸಿಗುತ್ತೆ, ಬೇರೆ ಊರೋರು ಆನ್‌ಲೈನಲ್ಲಿ ತರಿಸ್ಕೊಳ್ಳಿ. ಬ್ರ್ಯಾಂಡ್ ಯಾವ್ದು ಅಂತ ಕೇಳ್ಬೇಡಿ, ಒಂದೇ ಐಟಮ್ಮಿಗೆ ನಾಕಾರು ಹೆಸರು ಅಂಟಿಸಿ ಮಾರ್ತಾರೆ, ನಂದೂ ಅಂಥದ್ದೇ. ರೇಟಿಂಗ್ 5ಕ್ಕೆ 4.

ಇದ್ರಲ್ಲಿ ಎರಡು ಪೀಸ್ ಇರುತ್ತೆ. ಒಂದು ಟ್ರಾನ್ಸ್‌ಮಿಟರ್, ಅದನ್ನ ವೈರಿನ ಒಂದು ತುದಿಗೆ ಹಾಕಿದ್ರೆ ಟೋನ್ ಬಿಡುತ್ತೆ. ಇನ್ನೊಂದು ಪೆನ್ ಥರದ ರಿಸೀವರ್, ಮೂತೀನ ವೈರ್ ಹತ್ರ ತಂದ್ರೆ ಟುಂಯ್ ಟುಂಯ್ ಅಂತ ಕೂಗುತ್ತೆ, ವೈರ್ ಸುಲಿಯೋದೇ ಬೇಡ. ಅದ್ರ ಜೊತೆ ಎಂಟು ಲೈಟಿನ (ಒಳಗಿನ ಒಂದೊಂದು ವೈರಿಗೆ ಒಂದೊಂದು ಲೈಟು) ಕೇಬಲ್ ಟೆಸ್ಟರ್ರೂ ಸೇರ್ಕೊಂಡಿರುತ್ತೆ.

ನಾನು ಇದನ್ನ ಸರಿಯಾಗಿ ದುಡಿಸಿದ್ದು ದಾವಣಗೆರೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ. ನೆಟ್‌ವರ್ಕ್ ಮಾಡಿದ್ದ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋಗಿದಾನೆ, ಫೋನ್ ಎತ್ತಲ್ಲ, ರೂಟರ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ರ‍್ಯಾಕ್ (ಸ್ವಿಚ್ಚು ಕೇಬಲ್ಲು ಇಡೋ ಕಪಾಟು) ಬಾಗಿಲು ತೆಗೆದ್ರೆ ಎಲ್ಲಾ ಬಿಳೀ ಕೇಬಲ್ಲು, ಒಂದಕ್ಕೂ ಲೇಬಲ್ ಇಲ್ಲ, ಶಾವಿಗೆ ಚೆಲ್ಲಿದಂಗೆ ಬಿದ್ದಿದ್ವು. ಕಂಪ್ಲೇಂಟ್ ಏನಪ್ಪಾ ಅಂದ್ರೆ, ಟ್ಯಾಲಿ ಸ್ಲೋ, ಮತ್ತೆ ಪ್ರಿಂಟರ್ ಒಂದಿನ ಬರುತ್ತೆ ಒಂದಿನ ಬರಲ್ಲ. ಅಕೌಂಟ್ಸ್ ಮೇಡಂ ಅಂತೂ "ಬೆಳಿಗ್ಗೆ ಬರ್ತಿದ್ದಂಗೆ ಸಿಸ್ಟಮ್ ಎರಡು ಸಲ ರೀಸ್ಟಾರ್ಟ್ ಮಾಡ್ತೀನಿ ಸಾರ್, ಆಮೇಲೆ ಅದರ ಪಾಡಿಗೆ ಅದು ಬರುತ್ತೆ" ಅಂತ ಅದನ್ನೇ ರೂಢಿ ಮಾಡ್ಕೊಂಡ್ಬಿಟ್ಟಿದ್ರು.

ಇಂಥ ಕಡೆ ಹೋದ್ರೆ ಎಲ್ಲರೂ ಮೊದಲು ಲ್ಯಾಪ್‌ಟಾಪ್ ಹಾಕಿ ಅಡ್ವಾನ್ಸ್ಡ್ ಐಪಿ ಸ್ಕ್ಯಾನರ್ರೋ ಎನ್‌ಮ್ಯಾಪೋ ಅನ್ನೋ ಸ್ಕ್ಯಾನ್ ಸಾಫ್ಟ್‌ವೇರ್ ಓಡಿಸ್ತಾರೆ, ನಾನೂ ಓಡಿಸ್ದೆ, ಫ್ರೀಯಾಗಿ ಸಿಗುತ್ತೆ, ಓಡಿಸ್ಲೇಬೇಕು. ಎಷ್ಟು ಮೆಷಿನ್ ಇದೆ, ಮ್ಯಾಕ್ ಅಡ್ರೆಸ್ (ಮೆಷಿನ್ನಿಗೆ ಕಂಪನಿ ಕೊಟ್ಟಿರೋ ನಂಬರ್) ನೋಡಿ ಯಾವ ಕಂಪನಿದು ಅಂತ ಹೇಳುತ್ತೆ. ಆದ್ರೆ ಆ ಮೆಷಿನ್ ಯಾವ ಗೋಡೆ ಹಿಂದೆ ಕೂತಿದೆ ಅಂತ ಹೇಳಲ್ಲ, ಇನ್ನು ನಾವು ಅಂಗಡೀಲಿ ತರೋ ಸಾದಾ 5 ಪೋರ್ಟ್ ಸ್ವಿಚ್ಚಿಗೆ ಐಪಿನೇ (ನೆಟ್‌ವರ್ಕ್ ಅಡ್ರೆಸ್ಸು) ಇರಲ್ವಲ್ಲ, ಅದು ಯಾವ ಸ್ಕ್ಯಾನಲ್ಲೂ ಕಾಣಲ್ಲ. ಹಳೇ ಆಫೀಸಲ್ಲಿ ಕಾಟ ಕೊಡೋದು ಬಹುತೇಕ ಅವೇ.

ಇಲ್ಲೂ ಹಂಗೇ ಆಯ್ತು. ಅಕೌಂಟ್ಸ್ ಟೇಬಲ್ಲಿನ ಕೇಬಲ್ ಬಿಚ್ಚಿ ಟೋನ್ ಹಾಕಿ ರ‍್ಯಾಕ್ ಹತ್ರ ಬಂದು ಒಂದೊಂದೇ ಕೇಬಲ್ಲಿಗೆ ಪೆನ್ ಹಿಡಿದ್ರೆ ಎಲ್ಲೂ ಸದ್ದೇ ಇಲ್ಲ. ವಾಪಸ್ ಟೇಬಲ್ ಹತ್ರ ಹೋಗಿ ಕೇಸಿಂಗ್ ಹಿಡ್ಕೊಂಡು ಗೋಡೆ ಮೇಲೆ ಪೆನ್ ಸವರ್ತಾ ಬಂದೆ, ಸದ್ದು ಸೀದಾ ಮೇಲಕ್ಕೆ ಹೋಯ್ತು, ಏಣಿ ಹಾಕಿ ಫಾಲ್ಸ್ ಸೀಲಿಂಗ್ ಶೀಟ್ ಎತ್ತಿದ್ರೆ ಅಲ್ಲೂ ಕೂಗ್ತಾ ಇದೆ, ಸ್ವಲ್ಪ ದೂರ ಹೋಗಿ ಥಟ್ಟಂತ ನಿಂತ್ಹೋಯ್ತು. ಟೋನ್ ಅನ್ನೋದು ಬರೀ ತಾಮ್ರದ ಮೇಲೆ ಓಡುತ್ತೆ, ಸ್ವಿಚ್ ದಾಟಿ ಆಚೆ ಹೋಗಲ್ಲ, ಅಂದ್ರೆ ನಿಂತ ಜಾಗದಲ್ಲಿ ಏನೋ ಇದೆ ಅಂತಲೇ ಲೆಕ್ಕ. ನೋಡಿದ್ರೆ ಧೂಳಲ್ಲಿ ಮುಳುಗಿರೋ ಒಂದು ಪುಟ್ಟ ಸ್ವಿಚ್ಚು, ಪಕ್ಕದಲ್ಲೇ ಎಕ್ಸ್‌ಟೆನ್ಷನ್ ಬಾಕ್ಸು, ಮತ್ತೆ ಅದೇ ಸ್ವಿಚ್ಚಿಂದ ಒಂದು ಹಳೇ ವೈಫೈ ರೂಟರ್‌ಗೆ ಲ್ಯಾನ್ ಪೋರ್ಟಲ್ಲಿ ಕನೆಕ್ಷನ್. ಆ ರೂಟರ್ ಡಿಎಚ್‌ಸಿಪಿ (ಸಿಸ್ಟಮ್‌ಗಳಿಗೆ ತಾನಾಗೇ ಐಪಿ ಅಡ್ರೆಸ್ ಹಂಚೋ ವ್ಯವಸ್ಥೆ) ಆನಲ್ಲೇ ಇದೆ. ಮೇನ್ ರೂಟರ್ 192.168.1 ಸೀರೀಸ್ ಕೊಡ್ತಿದ್ರೆ ಇದು ಮೇಲೆ ಕೂತ್ಕೊಂಡು 192.168.0 ಸೀರೀಸ್ ಹಂಚ್ತಾ ಇದೆ, ಸಿಸ್ಟಮ್ ಆನ್ ಆದಾಗ ಯಾರು ಮೊದಲು ಉತ್ತರ ಕೊಡ್ತಾರೋ ಅವರ ಅಡ್ರೆಸ್ಸು, ಪ್ರಿಂಟರ್ ಇರೋದು 1 ಸೀರೀಸಲ್ಲಿ, ಹಂಗಾಗಿ 0 ಸೀರೀಸ್ ಬಂದ ದಿನ ಪ್ರಿಂಟರ್ ಮಾಯ. ಮೇಡಂ ಎರಡು ಸಲ ರೀಸ್ಟಾರ್ಟ್ ಮಾಡ್ತಿದ್ದಿದ್ದು ಸುಮ್ನೆ ಅಲ್ಲ! ಕೆಳಗೆ ನಿಂತು ಏಣಿ ಹಿಡ್ಕೊಂಡಿದ್ದ ಆಫೀಸ್ ಹುಡುಗ ಆಗ ನಿಧಾನಕ್ಕೆ "ಹೂಂ ಸಾರ್, ಹಳೇ ಮ್ಯಾನೇಜರ್ ಕ್ಯಾಬಿನ್ನಿಗೆ ವೈಫೈ ಬರಲ್ಲ ಅಂತ ಹಾಕಿಸಿದ್ರು" ಅಂದ. ಇದನ್ನ ಮೊದಲೇ ಹೇಳೋಕೆ ಏನಾಗಿತ್ತಪ್ಪ.

ಟ್ಯಾಲಿ ಸ್ಲೋ ಆಗಿದ್ದಕ್ಕೆ ಟೆಸ್ಟರ್ ಲೈಟು ಉಪಯೋಗಕ್ಕೆ ಬಂತು. ಸರ್ವರ್ ಕೇಬಲ್ಲಲ್ಲಿ 7ನೇ ಲೈಟ್ ಹತ್ತಲಿಲ್ಲ. 100 ಎಂಬಿಪಿಎಸ್‌ಗೆ 1, 2, 3, 6 ನಾಲ್ಕು ವೈರ್ ಇದ್ರೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು, ಹಂಗಾಗಿ ನೆಟ್ ಬರ್ತಿದೆ ಅಂತ ಯಾರೂ ತಲೆ ಕೆಡಿಸ್ಕೊಂಡಿಲ್ಲ, ಎಲ್ಲರ ಟ್ಯಾಲಿನೂ ಆ ಒಂದೇ 100ರ ಲಿಂಕಲ್ಲಿ ಸಾಯ್ತಾ ಇತ್ತು. ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ ಕನೆಕ್ಟರ್ ಕೂರಿಸಿದ್ಮೇಲೆ ಸರಿ ಹೋಯ್ತು.

ಬಳಸೋ ರೀತಿ ಒಂಚೂರು ಹೇಳ್ತೀನಿ, ಡಬ್ಬೀಲಿ ಬರೋ ಪೇಪರಲ್ಲಿ ಇದೆಲ್ಲ ಇಲ್ಲ. ತುದೀಲಿ ಕನೆಕ್ಟರ್ ಇಲ್ಲದ ಕೇಬಲ್ಲಿಗೆ ಟ್ರಾನ್ಸ್‌ಮಿಟರಿನ ಎರಡು ಕ್ಲಿಪ್ ಹಾಕೋವಾಗ ಎರಡನ್ನೂ ಒಂದೇ ಜೋಡಿಗೆ ಹಾಕ್ಬೇಡಿ, ತಿರುಚಿರೋ ಜೋಡಿ ಅಲ್ವಾ, ಎರಡು ವೈರಿನ ಸಿಗ್ನಲ್ ಒಂದನ್ನೊಂದು ಹೊಡೆದು ಹಾಕಿ ಸದ್ದು ಸಣ್ಣಗಾಗುತ್ತೆ. ಒಂದು ಕ್ಲಿಪ್ ಆರೆಂಜಿಗೆ ಒಂದು ಬ್ರೌನಿಗೆ ಹಾಕಿ. ರ‍್ಯಾಕಲ್ಲಿ ಕಟ್ಟು ಕಟ್ಟಿರೋ ಕೇಬಲ್ ಆದ್ರೆ ಅಕ್ಕಪಕ್ಕದ್ದೂ ಕೂಗುತ್ತೆ, ವಾಲ್ಯೂಮ್ ಇಳಿಸ್ತಾ ಹೋಗಿ ಕೊನೇಗೆ ಯಾವ್ದು ಉಳಿಯುತ್ತೋ ಅದೇ ನಿಮ್ಮದು. ಡೌಟಿದ್ರೆ ಪೆನ್ ಹಿಡಿದಿರೋ ತುದೀಲಿ ಅದೇ ಎರಡು ವೈರ್ ಒಂದಕ್ಕೊಂದು ತಾಗಿಸಿ, ಟೋನ್ ನಿಂತ್ರೆ ಪಕ್ಕಾ. ಗೊತ್ತಾದ ತಕ್ಷಣ ಎರಡೂ ತುದೀಗೆ ಲೇಬಲ್ ಅಂಟಿಸಿ, ಸಂಜೆ ಅಂಟಿಸ್ತೀನಿ ಅಂದ್ರೆ ಆಗಲ್ಲ.

ಒಂದು ಮಾರ್ಕ್ ಯಾಕೆ ಕಟ್ ಮಾಡ್ದೆ ಅಂದ್ರೆ, ಕೇಬಲ್ ಆನಲ್ಲಿರೋ ಸ್ವಿಚ್ಚಲ್ಲಿ ಇದ್ರೆ ಟೋನ್ ಸೊರಗಿ ಹೋಗುತ್ತೆ, ಬಿಚ್ಚಿ ಹುಡುಕೋದೇ ವಾಸಿ, ಅಂದ್ರೆ ಕೆಲಸ ನಡೀವಾಗ ಆಗಲ್ಲ, ಊಟದ ಟೈಮೋ ಭಾನುವಾರಾನೋ ಬೇಕು. ಫ್ಲೂಕ್‌ನೋರ ಇಂಟೆಲಿಟೋನ್ ಟ್ರ್ಯಾಕರ್ ಓಡ್ತಿರೋ ನೆಟ್‌ವರ್ಕಲ್ಲೂ ಹುಡುಕುತ್ತೆ, ಆದ್ರೆ ಅದರ ರೇಟ್ ಕೇಳಿದ್ರೆ ಇದೇ ಸಾಕು ಅನ್ಸುತ್ತೆ. ಕ್ಯಾಮೆರಾದ ಪಿಓಇ (ನೆಟ್ ಕೇಬಲ್ಲಲ್ಲೇ ಕರೆಂಟೂ ಕಳ್ಸೋ) ಪೋರ್ಟಿಗೆ ಮಾತ್ರ ಇದನ್ನ ಚುಚ್ಚಬೇಡಿ, ಅಲ್ಲಿ 48 ವೋಲ್ಟ್ ಆಸುಪಾಸು ಬರುತ್ತೆ, ಅಗ್ಗದ ಮಾಡೆಲ್ ಸುಟ್ಟು ಹೋಗಬಹುದು. ಶೀಲ್ಡೆಡ್ (ಒಳಗೆ ಲೋಹದ ಹೊದಿಕೆ ಇರೋ) ಕೇಬಲ್ಲಲ್ಲಿ ಮಧ್ಯದಲ್ಲಿ ಸದ್ದು ಸಿಗೋದು ಕಷ್ಟ. ಎಂಟೂ ಲೈಟ್ ಸಾಲಾಗಿ ಹತ್ತಿದ್ರೂ ಜೋಡಿ ತಪ್ಪಿಸಿ ಕ್ರಿಂಪ್ ಮಾಡಿರೋದು ಇದಕ್ಕೆ ಗೊತ್ತಾಗಲ್ಲ, ಅದಕ್ಕೆ ಕಣ್ಣಲ್ಲೇ ಕಲರ್ ನೋಡ್ಕೋಬೇಕು. ಇನ್ನು ನನ್ನ ಡಬ್ಬೀಲಿ 9 ವೋಲ್ಟ್ ಬ್ಯಾಟರಿ ಕೊಟ್ಟಿರಲಿಲ್ಲ, ಎರಡು ಬೇಕಾಗುತ್ತೆ, ಅಂಗಡಿಯಿಂದ ಬರೋವಾಗಲೇ ತಗೊಂಡ್ಬನ್ನಿ.